ಹೆಣ್ಣಿನ ನಂಬಿಕೆ ಮತ್ತು ಶಾಸ್ತ್ರದ ವ್ಯಾಖ್ಯಾನ

ಭಿನ್ನ ಧರ್ಮೀಯರ ನಡುವಣ ವಿವಾಹದ ಪ್ರಶ್ನೆ ಎದುರಾದಾಗಲೆಲ್ಲ ಪ್ರತಿಯೊಂದು ಸಮಾಜವೂ ತನ್ನ ಶಾಸ್ತ್ರದ ಮೊರೆಹೋಗುತ್ತದೆ. ಮುಸ್ಲಿಂ ಸ್ತ್ರೀಯು ಅನ್ಯಧರ್ಮೀಯನನ್ನು ವರಿಸುವ ವಿಷಯದಲ್ಲಂತೂ ಚರ್ಚೆಗೆ ಎಡೆಯೇ ಇಲ್ಲವೆಂಬ ಭಾವನೆ ಆ ಸಮಾಜದ ಒಳಗೂ ಹೊರಗೂ ಬಲವಾಗಿದೆ. ಪುರುಷನು ಯಹೂದಿ ಅಥವಾ ಕ್ರೈಸ್ತ ಸ್ತ್ರೀಯನ್ನು ವಿವಾಹವಾಗಬಹುದು, ಸ್ತ್ರೀಗೆ ಅಂಥ ಅನುಮತಿಯಿಲ್ಲ ಎಂಬುದು ಪರಂಪರಾಗತ ಧರ್ಮಶಾಸ್ತ್ರಜ್ಞರ ನಿಲುವು. ಈ ನಿಲುವು ಕುರ್‌ಆನಿನ ಮೂಲಪಾಠದಿಂದ ಎಷ್ಟು ಹೊರಟಿದೆ, ವ್ಯಾಖ್ಯಾನಕಾರರ ಕಾಲದ ಕುಟುಂಬವ್ಯವಸ್ಥೆಯಿಂದ ಎಷ್ಟು ಬಂದಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪರಮತದ ಗ್ರಂಥವನ್ನು ವಿಮರ್ಶಿಸುವವರು ಎರಡು ಎಚ್ಚರಗಳನ್ನು ಇಟ್ಟುಕೊಳ್ಳಬೇಕು. ತೀರ್ಪು ಕೊಡುವ ಅಧಿಕಾರ ತಮಗಿಲ್ಲವೆಂಬುದು ಒಂದು. ಅದೇ ಅಳತೆಗೋಲನ್ನು ತಮ್ಮ ಮನೆಯ ಗ್ರಂಥಕ್ಕೂ ಹಿಡಿಯಬೇಕೆಂಬುದು ಇನ್ನೊಂದು.

ಮೊದಲು ಮೂಲಪಾಠ. ಚರ್ಚೆಗೆ ಆಧಾರವಾದ ವಚನಗಳು ಮುಖ್ಯವಾಗಿ ಮೂರು. ಎರಡನೆಯ ಅಧ್ಯಾಯವಾದ ಅಲ್-ಬಖರಾದ 221ನೆಯ ವಚನವು ಬಹುದೇವಾರಾಧಕರೊಡನೆ, ಅವರು ವಿಶ್ವಾಸಿಗಳಾಗುವವರೆಗೆ, ವಿವಾಹಸಂಬಂಧವನ್ನು ನಿಷೇಧಿಸುತ್ತದೆ. ನಿಷೇಧವು ಸ್ತ್ರೀಪುರುಷರಿಬ್ಬರಿಗೂ ಸಮಾನ. ಆದರೆ ಕ್ರಿಯಾಪದಗಳು ಬೇರೆ. ಅಂಥ ಸ್ತ್ರೀಯರನ್ನು ವರಿಸಕೂಡದೆಂದು ಒಂದು ಕಡೆ, ಅಂಥ ಪುರುಷರಿಗೆ ಹೆಣ್ಣು ಕೊಡಕೂಡದೆಂದು ಇನ್ನೊಂದು ಕಡೆ ಹೇಳಿದೆ. ಎರಡೂ ಪುರುಷರನ್ನು ಉದ್ದೇಶಿಸಿದ ಮಾತುಗಳೇ. ಕೊಡುವವರೂ ತರುವವರೂ ಪುರುಷರೇ ಆಗಿದ್ದ ಸಮಾಜವನ್ನು ಕುರಿತು ಆ ವಚನ ನುಡಿಯುತ್ತಿದೆ. ಐದನೆಯ ಅಧ್ಯಾಯವಾದ ಅಲ್-ಮಾಇದಾದ 5ನೆಯ ವಚನವು ಗ್ರಂಥ ಪಡೆದ ಸಮುದಾಯಗಳ ಶೀಲವತಿಯರನ್ನು ವಿವಾಹವಾಗಲು ಮುಸ್ಲಿಂ ಪುರುಷರಿಗೆ ಅನುಮತಿ ನೀಡುತ್ತದೆ. ಆ ಸಮುದಾಯಗಳ ಪುರುಷರನ್ನು ಮುಸ್ಲಿಂ ಸ್ತ್ರೀಯರು ವರಿಸಬಹುದೇ ಎಂಬ ಬಗ್ಗೆ ಅಲ್ಲಿ ವಿಧಿಯೂ ಇಲ್ಲ, ನಿಷೇಧವೂ ಇಲ್ಲ. ಅರವತ್ತನೆಯ ಅಧ್ಯಾಯದ 10ನೆಯ ವಚನವು ವಿಶ್ವಾಸಿನಿಯರು ಅವಿಶ್ವಾಸಿಗಳಿಗೆ ಸಲ್ಲರೆಂದು ಸ್ಪಷ್ಟವಾಗಿ ಹೇಳುತ್ತದೆ.

ಮಾಇದಾದ ಮೌನವನ್ನು ಧರ್ಮಶಾಸ್ತ್ರಜ್ಞರು ನಿಷೇಧವೆಂದೇ ಓದಿದರು. ಭಿನ್ನ ಶಾಸ್ತ್ರಪಂಥಗಳು ಇದರಲ್ಲಿ ಒಮ್ಮತ ತಳೆದವು. ಆ ಒಮ್ಮತಕ್ಕೆ ಇಜ್ಮಾ ಎಂಬ ಪ್ರಮಾಣದ ಬಲ ಬಂದಿತು. ಅವರು ಕೊಟ್ಟ ಕಾರಣಗಳನ್ನು ಹಗುರವಾಗಿ ಕಾಣಲಾಗದು. ಗೃಹದ ಯಜಮಾನಿಕೆ ಪತಿಯದು. ಪತ್ನಿಯು ಅವನ ದಾರಿಗೆ ಸೆಳೆಯಲ್ಪಡುವಳು. ಮಕ್ಕಳು ತಂದೆಯ ಧರ್ಮದವರಾಗುವರು. ಮುಸ್ಲಿಂ ಪತಿಯು ಮೂಸಾ ಮತ್ತು ಈಸಾರನ್ನು ಪ್ರವಾದಿಗಳೆಂದು ಗೌರವಿಸುವುದರಿಂದ ಯಹೂದಿ ಅಥವಾ ಕ್ರೈಸ್ತ ಪತ್ನಿಯ ನಂಬಿಕೆಗೆ ಅವನ ಮನೆಯಲ್ಲಿ ಅಪಮಾನವಾಗದು. ಮುಸ್ಲಿಂ ಪತ್ನಿಗೆ ಅನ್ಯರ ಮನೆಯಲ್ಲಿ ಅಂಥ ಭರವಸೆಯಿಲ್ಲ. ಪತಿಗೃಹವನ್ನು ಬಿಟ್ಟರೆ ಬೇರೆ ಆಶ್ರಯವಿಲ್ಲದ ಕಾಲದಲ್ಲಿ ಇದು ರಕ್ಷಣೆಯ ಕಾಳಜಿಯೂ ಆಗಿದ್ದಿರಬಹುದು. ಆದರೆ ಈ ಕಾರಣಗಳೆಲ್ಲದರ ಬುಡದಲ್ಲಿರುವ ಗೃಹೀತವನ್ನು ಓದುಗರು ಗಮನಿಸಬೇಕು. ವಿವಾಹಿತೆಯ ನಂಬಿಕೆಯು ಪತಿಯ ನಂಬಿಕೆಯನ್ನು ಹಿಂಬಾಲಿಸುತ್ತದೆ ಎಂಬುದೇ ಆ ಗೃಹೀತ.

ಈ ಗೃಹೀತವನ್ನು ಕುರ್‌ಆನ್ ಒಪ್ಪುತ್ತದೆಯೇ? ನಿಷೇಧಕ್ಕೆ ಆಧಾರವಾದ ಅರವತ್ತನೆಯ ಅಧ್ಯಾಯದ ಹೆಸರೇ ಅಲ್-ಮುಮ್ತಹನಾ, ಅಂದರೆ ಪರೀಕ್ಷಿಸಲ್ಪಡುವ ಸ್ತ್ರೀ. 628ರ ಹುದೈಬಿಯಾ ಒಪ್ಪಂದದ ಬಳಿಕ ಮಕ್ಕಾದಿಂದ ಕೆಲವು ಸ್ತ್ರೀಯರು ತಮ್ಮ ನಂಬಿಕೆಗಾಗಿ ಮನೆಮಾರು ತೊರೆದು ಮದೀನಾಕ್ಕೆ ಬಂದ ಸಂದರ್ಭ ಅದರ ಹಿನ್ನೆಲೆ. ಅವರ ವಿಶ್ವಾಸವನ್ನು ಅವರಿಂದಲೇ ಕೇಳಿ ತಿಳಿಯಬೇಕು, ನಿಜವೆಂದು ಕಂಡರೆ ಹಿಂದಕ್ಕೆ ಕಳುಹಿಸಕೂಡದು, ಮೊದಲಿನ ಪತಿ ಕೊಟ್ಟ ಮಹರ್ ಹಣವನ್ನು ಅವನಿಗೆ ಹಿಂದಿರುಗಿಸಬೇಕು ಎಂಬುದು ಅಲ್ಲಿನ ವಿಧಿ. ತಂದೆಯನ್ನಾಗಲಿ ಪತಿಯನ್ನಾಗಲಿ ಕೇಳಿರೆಂದು ಹೇಳಿಲ್ಲ. ಪತ್ನಿಯ ನಂಬಿಕೆ ಪತಿಯದರ ನೆರಳಾಗಿದ್ದರೆ ಆ ಸ್ತ್ರೀಯರು ಊರು ಬಿಟ್ಟು ಬರುತ್ತಲೇ ಇರಲಿಲ್ಲ. ನಿಷೇಧಕ್ಕೆ ಸಾಕ್ಷಿಯಾಗಿ ಕರೆದ ವಚನವೇ ನಿಷೇಧಕ್ಕೆ ಕೊಟ್ಟ ಕಾರಣವನ್ನು ಅಲ್ಲಗಳೆಯುತ್ತದೆ.

ಅರವತ್ತಾರನೆಯ ಅಧ್ಯಾಯದ ಕೊನೆಯ ವಚನಗಳು ಇದನ್ನು ಇನ್ನೂ ಗಟ್ಟಿಗೊಳಿಸುತ್ತವೆ. ಪ್ರವಾದಿಗಳಾದ ನೂಹ್ ಮತ್ತು ಲೂತರ ಪತ್ನಿಯರು ಅವಿಶ್ವಾಸಕ್ಕೆ ದೃಷ್ಟಾಂತ; ಕ್ರೂರಿಯಾದ ಫಿರ್‌ಔನನ ಪತ್ನಿ ವಿಶ್ವಾಸಕ್ಕೆ ದೃಷ್ಟಾಂತ. ಪರಂಪರೆ ಆಸಿಯಾ ಎಂದು ಕರೆಯುವ ಆಕೆ ವಿಶ್ವಾಸಿಗಳೆಲ್ಲರಿಗೂ, ಪುರುಷರಿಗೂ, ಮೇಲ್ಪಂಕ್ತಿಯಾಗಿ ನಿಲ್ಲುತ್ತಾಳೆ. ಪ್ರವಾದಿ ಮುಹಮ್ಮದರ ಮಗಳು ಝೈನಬರ ವೃತ್ತಾಂತವೂ ಇಲ್ಲಿ ಸ್ಮರಣೀಯ. ಆಕೆ ವಿಶ್ವಾಸಿನಿ, ಪತಿ ಅಬುಲ್ ಆಸ್ ಬಹುಕಾಲ ಹಳೆಯ ಮತದಲ್ಲೇ ಇದ್ದರು. 624ರ ಬದ್ರ್ ಯುದ್ಧದಲ್ಲಿ ಅವರು ಸೆರೆಯಾದಾಗ ಬಿಡಿಸಿಕೊಳ್ಳಲು ಝೈನಬ್ ತಾಯಿ ಖದೀಜಾ ಕೊಟ್ಟಿದ್ದ ಕಂಠಹಾರವನ್ನು ಕಳುಹಿಸಿದರೆಂದು ಚರಿತ್ರಕಾರರು ಹೇಳುತ್ತಾರೆ. ಆ ಬಳಿಕ ದಂಪತಿಗಳು ಅಗಲಿದರು. ಕೆಲವು ವರ್ಷಗಳ ನಂತರ ಪತಿ ಇಸ್ಲಾಮನ್ನು ಸ್ವೀಕರಿಸಿದಾಗ ಕೂಡಿದರು. ಆದುದರಿಂದ ಈ ವೃತ್ತಾಂತವು ನಿಷೇಧವನ್ನು ಪೂರ್ತಿಯಾಗಿ ತಳ್ಳಿಹಾಕದು. ಅನ್ಯಮತೀಯ ಪತಿಯ ಮನೆಯಲ್ಲಿದ್ದೂ ಆಕೆಯ ನಂಬಿಕೆ ಕದಲಲಿಲ್ಲ ಎಂಬುದನ್ನಂತೂ ಅದು ತೋರಿಸುತ್ತದೆ.

ಅವಿಶ್ವಾಸಿಗಳಿಗೆ ಸಲ್ಲರೆಂಬ ಸ್ಪಷ್ಟ ಮಾತು ಇದ್ದೇ ಇದೆಯಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಬೇಕು. ಅದೇ ಅಧ್ಯಾಯದ 8ನೆಯ ವಚನವು ಧರ್ಮದ ಕಾರಣಕ್ಕೆ ಯುದ್ಧ ಹೂಡದವರನ್ನು, ಮನೆಗಳಿಂದ ಹೊರದೂಡದವರನ್ನು ಪ್ರತ್ಯೇಕಿಸಿ, ಅವರೊಡನೆ ಸೌಜನ್ಯದಿಂದಲೂ ನ್ಯಾಯದಿಂದಲೂ ನಡೆಯಬಹುದೆಂದು ಹೇಳುತ್ತದೆ. ಯುದ್ಧನಿರತ ಮಕ್ಕಾವಾಸಿಗಳ ಕುರಿತಾದ ಮಾತನ್ನು ಸರ್ವಕಾಲದ ಎಲ್ಲ ನೆರೆಹೊರೆಯವರಿಗೂ ಅನ್ವಯಿಸಬೇಕೇ ಎಂಬ ಪ್ರಶ್ನೆಯನ್ನು ಆ ಪರಂಪರೆಯ ಒಳಗಿನವರೇ ಎತ್ತಿದ್ದಾರೆ. ಸೂಡಾನಿನ ಹಸನ್ ಅಲ್-ತುರಾಬಿ 2006ರಲ್ಲಿ ಮುಸ್ಲಿಂ ಸ್ತ್ರೀಯು ಯಹೂದಿ ಅಥವಾ ಕ್ರೈಸ್ತ ಪುರುಷನನ್ನು ವರಿಸಬಹುದೆಂದು ಅಭಿಪ್ರಾಯಪಟ್ಟು ತೀವ್ರ ಖಂಡನೆಗೆ ಗುರಿಯಾದರು. ಟುನೀಸಿಯಾ ದೇಶವು ಇಂಥ ವಿವಾಹಗಳನ್ನು ತಡೆದಿದ್ದ 1973ರ ಸುತ್ತೋಲೆಯನ್ನು 2017ರಲ್ಲಿ ರದ್ದುಪಡಿಸಿತು. ಇವು ಬಹುಮತದ ಅಭಿಪ್ರಾಯಗಳಲ್ಲ. ನಮ್ಮ ನಾಡಿನಲ್ಲಿ ಇನ್ನೊಂದು ತೊಡಕೂ ಉಂಟು. ಹಿಂದೂಗಳನ್ನು, ಸೃಷ್ಟಿಕರ್ತನನ್ನೇ ಒಪ್ಪದ ಜೈನರನ್ನು, ಗ್ರಂಥ ಪಡೆದ ಸಮುದಾಯವೆಂದು ಹೆಚ್ಚಿನ ಶಾಸ್ತ್ರಜ್ಞರು ಎಣಿಸುವುದಿಲ್ಲ. ಆದ್ದರಿಂದ ಇಲ್ಲಿ ಶಾಸ್ತ್ರದ ತಡೆ ಮುಸ್ಲಿಂ ಗಂಡಿಗೂ ಹೆಣ್ಣಿಗೂ ಒಂದೇ. ಹೀಗಿದ್ದೂ ರೂಢಿಯಲ್ಲಿ ಅದರ ಭಾರವೆಲ್ಲ ಹೆಣ್ಣಿನ ಮೇಲೆಯೇ ಬೀಳುತ್ತಿದ್ದರೆ ಅದಕ್ಕೆ ಗ್ರಂಥವನ್ನು ಹೊಣೆ ಮಾಡುವುದು ಹೇಗೆ?

ಇನ್ನು ನಮ್ಮ ಮನೆಯ ಮಾತು. ಗಂಡು ಕೆಳಗಿನ ವರ್ಣದಿಂದ ಹೆಣ್ಣು ತರಬಹುದು, ಹೆಣ್ಣನ್ನು ಕೆಳಕ್ಕೆ ಕೊಡಲಾಗದು ಎಂಬ ಅನುಲೋಮದ ಏರ್ಪಾಡು ಮನುಸ್ಮೃತಿಯಲ್ಲಿದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿಯೂ ಇದೆ. ಇದರ ತರ್ಕವೂ ಅದೇ: ಹೆಣ್ಣು ಸೇರಿದ ಮನೆಯವಳಾಗುತ್ತಾಳೆ. ಆದರೆ ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ ಎಂದು ಸಾರುವ ಸಿದ್ಧಾಂತಕ್ಕೆ ಈ ತರ್ಕ ಒಗ್ಗುವುದಾದರೂ ಹೇಗೆ? ಪತಿಯ ಸಮ್ಯಕ್ತ್ವ ಪತ್ನಿಗೆ ವರ್ಗವಾಗದು. ಅವನ ಮಿಥ್ಯಾತ್ವವೂ ಅಂಟದು. ಅದೇ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ, ಯಾಪನೀಯ ಸಂಘದ ಶಾಕಟಾಯನಾಚಾರ್ಯರು ಸ್ತ್ರೀಯು ಸ್ತ್ರೀಯಾಗಿಯೇ ಮುಕ್ತಿಗೆ ಅರ್ಹಳೆಂದು ಸ್ತ್ರೀಮುಕ್ತಿಪ್ರಕರಣವನ್ನೇ ಬರೆದರು. ದಿಗಂಬರಾಚಾರ್ಯರು ಅದನ್ನು ಖಂಡಿಸಿದರು. ಒಂದೇ ಜಿನವಾಣಿಯನ್ನು ನಂಬಿದವರು ಹೆಣ್ಣಿನ ಯೋಗ್ಯತೆಯ ವಿಷಯದಲ್ಲಿ ಎರಡು ಅರ್ಥ ಹೇಳಿದರೆಂಬುದನ್ನು ಬಲ್ಲ ನಾವು ಇತರರ ಗ್ರಂಥಕ್ಕೆ ಒಂದೇ ಅರ್ಥವೆಂದು ಹೇಳಲಾಗದು. ನಮಗೆ ಸಮೀಪದ ಕೂಡಲಸಂಗಮದೊಡನೆ ಹೆಣೆದುಕೊಂಡ ಶರಣರ ಇತಿಹಾಸವೂ ಇದೇ ಪಾಠ ಹೇಳುತ್ತದೆ. ಕಲ್ಯಾಣದಲ್ಲಿ ಬ್ರಾಹ್ಮಣಮೂಲದ ಮಧುವರಸರ ಮಗಳನ್ನು ಸಮಗಾರ ಹರಳಯ್ಯನವರ ಮಗನಿಗೆ ಕೊಟ್ಟದ್ದಕ್ಕಾಗಿ ತಂದೆಯರಿಬ್ಬರೂ ಘೋರ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಆ ವಧುವಿನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಮಾತ್ರ ಅದು ಉಳಿಸಿಕೊಂಡಿಲ್ಲ.

ವ್ಯಾಖ್ಯಾನದ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಎಲ್ಲರಿಗೂ ತಟ್ಟುವಂತೆ ಕೇಳಿದವರು ಕಾಸರಗೋಡಿನಲ್ಲಿ ಹುಟ್ಟಿ 2023ರಲ್ಲಿ ಅಗಲಿದ ಸಾರಾ ಅಬೂಬಕ್ಕರ್. 1980ರ ದಶಕದಲ್ಲಿ ಬಂದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ವಸ್ತು ಅಂತರಧರ್ಮೀಯ ವಿವಾಹವಲ್ಲ. ಆದರೆ ರೋಗ ಅದೇ. ತಂದೆಯ ಹಠದಿಂದ ತಲಾಖಿಗೆ ಒಳಗಾದ ನಾದಿರಾ ಗಂಡನ ಬಳಿಗೆ ಮರಳಬೇಕಾದರೆ ಇನ್ನೊಬ್ಬನನ್ನು ವರಿಸಿ ಬಿಡುಗಡೆ ಪಡೆಯಬೇಕೆಂಬ ಕಟ್ಟಳೆ ಎದುರಾಗುತ್ತದೆ. ದುಡುಕಿ ವಿಚ್ಛೇದಿಸುವ ಪುರುಷನನ್ನು ತಡೆಯಲೆಂದು ಇದ್ದ ವಿಧಿ ಹೆಣ್ಣನ್ನು ಶಿಕ್ಷಿಸುವ ವಿಧಿಯಾಗಿ ತಿರುಗಿದ್ದನ್ನು ಸಾರಾ ತೋರಿಸುತ್ತಾರೆ. ಇಂಥ ಏರ್ಪಾಡಿನ ಮದುವೆಯನ್ನು ಪ್ರವಾದಿಯವರೇ ಶಪಿಸಿದರೆಂಬ ಹದೀಸ್ ಇದೆ. ಆದರೂ ನಾದಿರಾಳ ಸುತ್ತಲಿನವರು ಆಕೆಯ ಇಚ್ಛೆಯನ್ನು ಕೇಳುವುದಿಲ್ಲ. ಆಕೆ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಕಾದಂಬರಿಯು ಧರ್ಮವನ್ನು ಹಳಿಯುವುದಿಲ್ಲ. ಓದುವವರ ಹೃದಯಹೀನತೆಯನ್ನು ಹಳಿಯುತ್ತದೆ. ಅದರ ಬಾಳಿಕೆಗೆ ಈ ವಿವೇಕವೇ ಕಾರಣ.

ನಮ್ಮ ದೇಶದ ಕಾನೂನು ಈ ಪ್ರಶ್ನೆಯನ್ನು ತನ್ನ ಮಟ್ಟಿಗೆ ಬಿಡಿಸಿದೆ. 1872ರ ವಿವಾಹ ಕಾಯಿದೆಯಡಿ ಮದುವೆಯಾಗುವವರು ತಾವು ಯಾವ ಪ್ರಮುಖ ಧರ್ಮಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಾಗಿತ್ತು. 1923ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್, ಜೈನರು ಪರಸ್ಪರ ವಿವಾಹವಾಗುವುದಾದರೆ ಆ ಘೋಷಣೆ ಬೇಡವೆಂದಿತು. 1954ರ ವಿಶೇಷ ವಿವಾಹ ಕಾಯಿದೆ ಆ ವಿನಾಯಿತಿಯನ್ನು ಎಲ್ಲರಿಗೂ ವಿಸ್ತರಿಸಿತು. ಪತಿಪತ್ನಿಯರು ತಮ್ಮ ತಮ್ಮ ಧರ್ಮದಲ್ಲೇ ಉಳಿಯಬಹುದಾಯಿತು. ವಯಸ್ಕರು ತಮ್ಮ ಇಚ್ಛೆಯ ವ್ಯಕ್ತಿಯನ್ನು ವರಿಸುವುದು ಮೂಲಭೂತ ಹಕ್ಕೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು. ಆದರೂ 2017ರ ಜೂನ್ ತಿಂಗಳಲ್ಲಿ ನೆರೆಯ ವಿಜಯಪುರ ಜಿಲ್ಲೆಯಲ್ಲಿ ದಲಿತ ಯುವಕನನ್ನು ವರಿಸಿದ್ದ ಗರ್ಭಿಣಿ ಮುಸ್ಲಿಂ ಯುವತಿಯನ್ನು ಆಕೆಯ ಮನೆಯವರೇ ಸುಟ್ಟು ಕೊಂದರು. ಅತ್ಯಂತ ಕಟ್ಟುನಿಟ್ಟಿನ ವ್ಯಾಖ್ಯಾನಕಾರನೂ ಇಂಥ ಕೊಲೆಗೆ ಅನುಮತಿ ಬರೆದಿಲ್ಲ. ಕೊಂದದ್ದು ಮನೆತನದ ಮರ್ಯಾದೆಯೆಂಬ ಹಮ್ಮು. ಆ ಹಮ್ಮು ಎಲ್ಲ ಮತದವರ ಮನೆಗಳಲ್ಲೂ ಇದೆ.

ಗುಳೇದಗುಡ್ಡದ ಮಗ್ಗಗಳಲ್ಲಿ ನೇಯ್ದ ಖಣದ ಕುಪ್ಪಸವನ್ನು ಈ ಸೀಮೆಯ ಎಲ್ಲ ಮತದ ಹೆಣ್ಣುಮಕ್ಕಳೂ ತೊಟ್ಟಿದ್ದಾರೆ. ವ್ಯಾಪಾರ, ಉಡುಗೆ, ಭಾಷೆಗಳಲ್ಲಿ ಇಷ್ಟು ಬೆರೆತವರು ಹೆಣ್ಣು ಕೊಟ್ಟು ತರುವ ಮಾತು ಬಂದಾಗ ಬೇರೆಯಾಗುತ್ತಾರೆ. ತಮ್ಮ ಧರ್ಮದೊಳಗೇ ಸಂಬಂಧ ಬೆಳೆಸಬೇಕೆಂಬ ಹಂಬಲ ತಪ್ಪಲ್ಲ; ಮಕ್ಕಳಿಗೆ ಆಚಾರ ಕಲಿಸಬೇಕೆಂಬ ಆಸೆಯೂ ತಪ್ಪಲ್ಲ. ಆದರೆ ಸೊಸೆಯಾಗಿ ಬಂದ ಅನ್ಯಮತೀಯಳಿಗೆ ನಮ್ಮ ವ್ರತಗಳನ್ನು ಕಲಿಸಿ ಸಂತೋಷಪಡುವ ನಾವು, ಹೊರಗೆ ಹೋದ ಮಗಳನ್ನು ಸತ್ತಳೆಂದು ಎಣಿಸುವುದು ಯಾವ ನ್ಯಾಯ? ಮುಸ್ಲಿಂ ಸಮಾಜದ ವಿದ್ವಾಂಸರು ತಮ್ಮ ಗ್ರಂಥವನ್ನು ತಮ್ಮ ಪರಂಪರೆಯ ಬೆಳಕಿನಲ್ಲಿ ಓದಿಕೊಳ್ಳಲಿ. ಆ ಓದಿನಲ್ಲಿ ಅಲ್ಲಿನ ವಿದುಷಿಯರಿಗೂ ಪಾಲಿರಲಿ. ನಾವು ನಮ್ಮ ಗ್ರಂಥವನ್ನು ಓದುವಾಗ ನಮ್ಮ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಓದೋಣ. ಮದೀನಾಕ್ಕೆ ಬಂದ ಆ ಸ್ತ್ರೀಯರನ್ನು ಕೇಳಿದಂತೆ, ನಿನ್ನ ನಂಬಿಕೆ ಏನೆಂದು ಮಗಳನ್ನೇ ಮೊದಲು ಕೇಳುವ ವಾಡಿಕೆ ಎಲ್ಲ ಮನೆಗಳಲ್ಲೂ ಬರಲಿ.