ಕಸೂತಿಗೆ ಬಾರದ ಕಾಗೆ

ನವಲಗುಂದದ ಜಮಖಾನೆಯಲ್ಲಿ ನವಿಲುಂಟು, ಪಗಡೆಯ ಹಾಸುಂಟು, ಕಾಗೆಯಿಲ್ಲ. ನವಿಲನ್ನು ಕಂಡೊಡನೆ ಕುಲಲಾಂಛನವೆನ್ನುವ ಚಪಲ ನಮ್ಮ ವಿಮರ್ಶಕರಿಗೆ ಸಹಜ. ಆದರೆ ನೇಯುವ ಮುಸ್ಲಿಂ ಹೆಣ್ಣುಮಕ್ಕಳಿಗೆ ಅದು ಮೂಲಪುರುಷನಲ್ಲ, ಚೆಲುವು. ಬಹಳವೆಂದರೆ ಊರ ಹೆಸರಿನ ನೆನಪು.

ಲಾಂಛನಕ್ಕೆ ಬೇಕಾದ ರಕ್ತಸಂಬಂಧವಿರುವುದು ಕಾಗೆಗೆ. ತಿಥಿಯ ದಿನ ಮಾಳಿಗೆಯ ಮೇಲೆ ಎಡೆಯಿಟ್ಟು ಕಾಯುವಾಗ ಅದು ಹಕ್ಕಿಯಲ್ಲ, ಹಿರಿಯರು. ಮುಟ್ಟದಿದ್ದರೆ ಸತ್ತವರ ಯಾವ ಆಸೆ ಉಳಿಯಿತೆಂದು ಮನೆಯವರು ತಳಮಳಿಸುತ್ತಾರೆ. ಅದೇ ಕಾಗಕ್ಕ ಮಕ್ಕಳ ಕಥೆಯಲ್ಲಿ, ಮಳೆಗೆ ಸಗಣಿಯ ಮನೆ ಕರಗಿ, ಗುಬ್ಬಕ್ಕನ ಕದ ತಟ್ಟುತ್ತಾಳೆ!

ಎಡೆಯಿಡುವವರು ಬೇರೆ, ಜಮಖಾನೆ ನೇಯುವವರು ಬೇರೆ ಎನ್ನಬಹುದು. ಆದರೆ ಎಡೆಯಿಡುವ ಮನೆಗಳ ಕಸೂತಿಯಲ್ಲೂ ನವಿಲು, ಗಿಳಿ, ಹಂಸಗಳೇ. ತಲೆಗೆ ಬಡಿದರೆ ಕೇಡೆಂದು ಹೆದರುವ ಹಕ್ಕಿಯನ್ನು ಮದುವಣಗಿತ್ತಿಯ ಸೆರಗಿನಲ್ಲಿ ಬಿಡಿಸುವವರಾರು?