ಕಳೆದುಕೊಳ್ಳಲು ಒಲ್ಲದ ವೀರರು

ಸ್ಯಾಮ್ ರೈಮಿ ನಿರ್ದೇಶಿಸಿದ ‘ಸ್ಪೈಡರ್‌ಮ್ಯಾನ್ 2’ (2004) ಚಿತ್ರದಲ್ಲಿ ಒಂದು ರೈಲಿನ ದೃಶ್ಯವಿದೆ. ರೈಲು ಹಿಡಿತ ತಪ್ಪಿ ಓಡುತ್ತಿದೆ, ಸ್ವಲ್ಪ ದೂರದಲ್ಲಿ ಹಳಿಯೇ ಮುಗಿದುಹೋಗುತ್ತದೆ. ಪೀಟರ್ ಪಾರ್ಕರ್ ರೈಲಿನ ಮೂತಿಗೆ ಬೆನ್ನು ಕೊಟ್ಟು ನಿಂತು, ಎರಡೂ ಬದಿಯ ಕಟ್ಟಡಗಳಿಗೆ ಬಲೆ ಎಸೆದು ಜಗ್ಗಿ ಹಿಡಿಯುತ್ತಾನೆ. ಮುಖವಾಡ ಆಗಲೇ ಕಳಚಿದೆ. ತೊಟ್ಟ ಬಟ್ಟೆ ಹರಿಯುತ್ತದೆ, ಮುಖದ ನರಗಳು ಉಬ್ಬುತ್ತವೆ. ರೈಲು ನಿಲ್ಲುತ್ತದೆ. ಪ್ರಜ್ಞೆ ತಪ್ಪಿ ಇನ್ನೇನು ಕೆಳಕ್ಕೆ ಬೀಳಬೇಕು, ಅಷ್ಟರಲ್ಲಿ ಒಳಗಿನಿಂದ ಚಾಚಿದ ಕೈಗಳು ಅವನ ಎದೆಯನ್ನು ಹಿಡಿದುಕೊಳ್ಳುತ್ತವೆ. ಪ್ರಯಾಣಿಕರು ಅವನನ್ನು ತಲೆಯ ಮೇಲೆ ಕೈಯಿಂದ ಕೈಗೆ ಸಾಗಿಸಿ ನೆಲದ ಮೇಲೆ ಮಲಗಿಸುತ್ತಾರೆ. ಇವನಿನ್ನೂ ಹುಡುಗ, ನನ್ನ ಮಗನಿಗಿಂತ ದೊಡ್ಡವನೇನಲ್ಲ ಎಂದು ಒಬ್ಬ ಹೇಳುತ್ತಾನೆ. ಇಬ್ಬರು ಮಕ್ಕಳು ಮುಖವಾಡವನ್ನು ತಂದುಕೊಟ್ಟು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡುತ್ತಾರೆ.

ಸೂಪರ್‌ಹೀರೋ ಚಿತ್ರಗಳಿಗೆ ಕಲಾಮೌಲ್ಯ ಉಂಟೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ದೃಶ್ಯವನ್ನು. ಇಲ್ಲಿ ಶಕ್ತಿಗೆ ಬೆಲೆಯಿದೆ. ಊರನ್ನು ಉಳಿಸಿದವನು ತನ್ನ ಗುಟ್ಟನ್ನು ಕಳೆದುಕೊಂಡಿದ್ದಾನೆ, ಆ ಗುಟ್ಟನ್ನು ಈಗ ಊರವರೇ ಕಾಯಬೇಕು. ವೀರ ಮತ್ತು ಜನ ಒಬ್ಬರ ಋಣದಲ್ಲಿ ಒಬ್ಬರು ಬೀಳುವ ಈ ಗಳಿಗೆಯನ್ನು ಮಾತಿನಲ್ಲಿ ವಿವರಿಸಬಹುದು. ಆದರೆ ಅದನ್ನು ಮೈಗೆ ಮುಟ್ಟಿಸುವುದು ಸಿನಿಮಾ ಮಾತ್ರ.

ಹಾಗಿದ್ದರೂ ಈ ಪ್ರಶ್ನೆ ಮತ್ತೆಮತ್ತೆ ಏಳುತ್ತದೆ. 2019ರ ಅಕ್ಟೋಬರ್‌ನಲ್ಲಿ ‘ಎಂಪೈರ್’ ಪತ್ರಿಕೆಯ ಸಂದರ್ಶನದಲ್ಲಿ ಮಾರ್ಟಿನ್ ಸ್ಕಾರ್ಸೇಸಿ, ಮಾರ್ವೆಲ್ ಚಿತ್ರಗಳು ತಮಗೆ ಸಿನಿಮಾ ಅನ್ನಿಸುವುದಿಲ್ಲ, ಅವು ಥೀಮ್ ಪಾರ್ಕ್‌ಗೆ ಹತ್ತಿರ ಎಂದರು. ಅದೇ ತಿಂಗಳು ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಇನ್ನೂ ಮುಂದೆ ಹೋಗಿ ಅವನ್ನು ಹೇಯವೆಂದು ಕರೆದರು. ಅಭಿಮಾನಿಗಳು ಕೆರಳಿದರು. ನವೆಂಬರ್‌ನಲ್ಲಿ ಸ್ಕಾರ್ಸೇಸಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಲೇಖನ ಬರೆದು ತಮ್ಮ ಮಾತನ್ನು ಬಿಡಿಸಿ ಹೇಳಿದರು. ಈ ಚಿತ್ರಗಳಲ್ಲಿ ಪ್ರತಿಭೆ ಇಲ್ಲವೆಂದು ಅವರು ಹೇಳಲಿಲ್ಲ. ಇವುಗಳಲ್ಲಿ ಯಾವುದೂ ಪಣಕ್ಕಿಲ್ಲ, ಮಾರುಕಟ್ಟೆಯನ್ನು ಅಳೆದು, ಪ್ರೇಕ್ಷಕರ ಮೇಲೆ ಪ್ರಯೋಗಿಸಿ ನೋಡಿ, ಬೇಕಾದಂತೆ ತಿದ್ದಿದ ಮೇಲೆಯೇ ಇವು ಹೊರಬರುತ್ತವೆ, ಒಬ್ಬ ಕಲಾವಿದನ ಕಣ್ಣು ಇವುಗಳ ಹಿಂದಿಲ್ಲ ಎಂಬುದು ಅವರ ದೂರು. ಬೈಗುಳದ ಸದ್ದಿನಲ್ಲಿ ಈ ಲೇಖನವನ್ನು ಓದಿದವರು ಕಡಿಮೆ.

ಅಭಿಮಾನಿಗಳು ಕೊಟ್ಟ ಉತ್ತರಗಳಲ್ಲಿ ಎರಡು ತೀರ ದುರ್ಬಲ. ಮೊದಲನೆಯದು ಗಲ್ಲಾಪೆಟ್ಟಿಗೆಯದು. ‘ಅವೆಂಜರ್ಸ್: ಎಂಡ್‌ಗೇಮ್’ (2019) ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು, ಇಷ್ಟು ಜನ ನೋಡಿದ್ದು ಕಲೆಯಲ್ಲವೇ ಎಂಬ ವಾದ. ಹಣದ ಲೆಕ್ಕ ಕಂಪನಿಯ ಷೇರುದಾರರಿಗೆ ಬೇಕು. ನೋಡಿದವನ ಕಣ್ಣು ಒದ್ದೆಯಾಯಿತೇ ಎಂಬುದನ್ನು ಆ ಲೆಕ್ಕ ಹೇಳದು. ಎರಡನೆಯದು ಪ್ರಶಸ್ತಿಯದು. ‘ದಿ ಡಾರ್ಕ್ ನೈಟ್’ (2008) ಎಂಟು ಆಸ್ಕರ್ ನಾಮನಿರ್ದೇಶನ ಪಡೆದರೂ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಇರಲಿಲ್ಲ. ಆ ಬೇಸರದ ಬೆನ್ನಿಗೇ, 2009ರಲ್ಲಿ, ಅಕಾಡೆಮಿ ಆ ಪಟ್ಟಿಯನ್ನು ಐದರಿಂದ ಹತ್ತಕ್ಕೆ ಏರಿಸಿತು. ಹತ್ತು ವರ್ಷದ ಬಳಿಕ ‘ಬ್ಲ್ಯಾಕ್ ಪ್ಯಾಂಥರ್’ ಆ ಪಟ್ಟಿ ಸೇರಿ ಮೂರು ಆಸ್ಕರ್‌ಗಳನ್ನು ಗೆದ್ದಿತು. ಸಂತೋಷವೇ. ಆದರೆ ಪ್ರಶಸ್ತಿ ಬಂದ ಮೇಲೆ ದೃಶ್ಯ ಚೆನ್ನಾಗಾಗುವುದಿಲ್ಲ, ಬರದಿದ್ದರೆ ಕೆಡುವುದೂ ಇಲ್ಲ.

ಮೂರನೆಯ ಉತ್ತರವೊಂದಿದೆ, ಅದು ತೂಕದ್ದು. ಈ ಚಿತ್ರಗಳ ಸುಖ ಬಿಡಿ ಚಿತ್ರದಲ್ಲಿಲ್ಲ, ವರ್ಷಗಳ ನೆನಪಿನಲ್ಲಿದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ‘ಎಂಡ್‌ಗೇಮ್’ನಲ್ಲಿ ಕ್ಯಾಪ್ಟನ್ ಅಮೆರಿಕಾ ಒಡೆದ ಗುರಾಣಿ ಹಿಡಿದು ಒಂದು ಸೈನ್ಯದೆದುರು ಒಂಟಿಯಾಗಿ ನಿಂತಾಗ, ಕಿವಿಯಲ್ಲಿ ಗೆಳೆಯನ ದನಿ ಕೇಳುತ್ತದೆ: ನಿನ್ನ ಎಡಕ್ಕೆ ನೋಡು ಎಂದು. 2014ರ ‘ವಿಂಟರ್ ಸೋಲ್ಜರ್’ ಶುರುವಾಗುವುದೇ ಅವರಿಬ್ಬರ ಬೆಳಗಿನ ಓಟದಲ್ಲಿ ಕೇಳುವ ಇದೇ ಮಾತಿನಿಂದ. ಅಂದು ಅದು ಛೇಡಿಸುವ ಮಾತು, ಇಂದು ಅಭಯ. ಇದನ್ನು ಬಲ್ಲವರಿಂದ ಥಿಯೇಟರ್ ತುಂಬ ಶಿಳ್ಳೆ, ಅರಿಯದವರಿಗೆ ಇನ್ನೊಂದು ಯುದ್ಧ. ಇದನ್ನು ದೋಷವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಯಕ್ಷಗಾನದ ಬಯಲಲ್ಲಿ ರಾತ್ರಿಯಿಡೀ ಕೂತವರಿಗೆ ಕಥೆ ಗೊತ್ತಿರುತ್ತದೆ, ಪಾತ್ರಗಳ ಹಿಂದುಮುಂದೂ ಗೊತ್ತಿರುತ್ತದೆ. ಆ ತಿಳಿವಳಿಕೆಯ ಮೇಲೆಯೇ ಕಲಾವಿದ ತನ್ನ ಅರ್ಥವನ್ನು ಕಟ್ಟುತ್ತಾನೆ. ಪ್ರೇಕ್ಷಕನ ನೆನಪನ್ನು ವಾದ್ಯದಂತೆ ನುಡಿಸುವುದು ಹಳೆಯ ಕಲೆ, ದೊಡ್ಡ ಕಲೆ.

ಆದರೆ ಯಕ್ಷಗಾನದ ಹೋಲಿಕೆಯನ್ನು ಕೈಗೆತ್ತಿಕೊಂಡರೆ ಅದನ್ನು ಕೊನೆಯವರೆಗೂ ಒಯ್ಯಬೇಕು. ‘ಅಭಿಮನ್ಯು ಕಾಳಗ’ ನೋಡುವವನಿಗೆ ಆ ಹುಡುಗ ಸಾಯುತ್ತಾನೆಂದು ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಅವನು ಚಕ್ರವ್ಯೂಹಕ್ಕೆ ಹೊರಟು ನಿಂತಾಗ ಕರುಳು ಕಿವುಚುತ್ತದೆ. ‘ಅವೆಂಜರ್ಸ್: ಇನ್‌ಫಿನಿಟಿ ವಾರ್’ (2018) ಕೊನೆಯಲ್ಲಿ ಖಳನಾಯಕ ಥಾನೋಸ್ ಚಿಟಿಕೆ ಹೊಡೆದು ಅರ್ಧ ಜೀವಸಂಕುಲವನ್ನು ಬೂದಿ ಮಾಡುತ್ತಾನೆ. ಹದಿಹರೆಯದ ಪೀಟರ್ ತನಗೆ ಹೋಗಲು ಇಷ್ಟವಿಲ್ಲವೆಂದು ಟೋನಿ ಸ್ಟಾರ್ಕ್‌ನನ್ನು ತಬ್ಬಿಕೊಂಡು ಕರಗಿಹೋಗುತ್ತಾನೆ. ಟಾಮ್ ಹಾಲೆಂಡ್ ಅಲ್ಲಿ ನಿಜವಾಗಿ ನಟಿಸಿದ್ದಾರೆ. ಆದರೆ ಸ್ಪೈಡರ್‌ಮ್ಯಾನ್‌ನ ಮುಂದಿನ ಚಿತ್ರದ ಬಿಡುಗಡೆ ದಿನಾಂಕ ಆಗಲೇ ಗೊತ್ತಾಗಿತ್ತು. ಇಲ್ಲಿಯೂ ಪ್ರೇಕ್ಷಕನಿಗೆ ಮುಂದಿನದು ಗೊತ್ತು, ಅಲ್ಲಿಯೂ ಗೊತ್ತು. ಅಲ್ಲಿ ಗೊತ್ತಿರುವುದು ಸಾವು, ಇಲ್ಲಿ ಗೊತ್ತಿರುವುದು ಮರಳಿ ಬರುವಿಕೆ. ಅಲ್ಲಿ ಅರಿವು ದುಃಖವನ್ನು ಆಳಕ್ಕೆ ಇಳಿಸುತ್ತದೆ, ಇಲ್ಲಿ ಅದೇ ಅರಿವು ದುಃಖವನ್ನು ಆರಿಸಿಬಿಡುತ್ತದೆ.

ಸ್ಕಾರ್ಸೇಸಿ ಹೇಳಿದ ಪಣದ ಮಾತು ನನಗೆ ನಿಜವಾಗಿ ಅರ್ಥವಾಗುವುದು ಇಲ್ಲಿ. ಅವರು ತಪ್ಪಿದ್ದು ಇಡೀ ಪ್ರಕಾರವನ್ನು ಒಂದೇ ಮಾತಿನಲ್ಲಿ ತೂಗಿದ್ದರಲ್ಲಿ. ಕೊರತೆ ಇರುವುದು ಮುಖವಾಡದಲ್ಲಿಯೂ ಅಲ್ಲ, ಹಾರುವ ಮನುಷ್ಯನಲ್ಲಿಯೂ ಅಲ್ಲ. ಯಾವುದನ್ನೂ ಶಾಶ್ವತವಾಗಿ ಕಳೆದುಕೊಳ್ಳಲು ಒಪ್ಪದ ವ್ಯಾಪಾರದ ಕರಾರಿನಲ್ಲಿದೆ. ಪಾತ್ರ ಸತ್ತರೆ ಆಸ್ತಿ ನಷ್ಟ ಎನ್ನುವ ಕಡೆ ಕಥೆಗಾರನ ಕೈ ಕಟ್ಟಿದಂತೆಯೇ.

ಕೈ ಬಿಚ್ಚಿದ ಕಡೆ ಏನಾಗುತ್ತದೆ ಎನ್ನಲು ಕ್ರಿಸ್ಟೋಫರ್ ನೋಲನ್ ಅವರ ‘ದಿ ಡಾರ್ಕ್ ನೈಟ್’ ಸಾಕು. ವಿಚಾರಣೆಯ ಕೋಣೆಯಲ್ಲಿ ಬ್ಯಾಟ್‌ಮ್ಯಾನ್ ಜೋಕರ್‌ನನ್ನು ಬಡಿಯುತ್ತಾನೆ, ಹೀತ್ ಲೆಡ್ಜರ್‌ನ ಜೋಕರ್ ನಗುತ್ತಲೇ ಇರುತ್ತಾನೆ. ಬಲಕ್ಕೆ ಅಲ್ಲಿ ಕೆಲಸವೇ ಇಲ್ಲ. ಅವನು ಪ್ರೀತಿಸಿದ ರೇಚಲ್ ಸಾಯುತ್ತಾಳೆ, ಸತ್ತೇ ಇರುತ್ತಾಳೆ. ಎರಡು ದೋಣಿಗಳಲ್ಲಿ ಒಂದೊಂದರ ಕೈಯಲ್ಲೂ ಇನ್ನೊಂದನ್ನು ಸ್ಫೋಟಿಸುವ ಗುಂಡಿ ಇರುವಾಗ, ಅದನ್ನು ಕಿಟಕಿಯಿಂದ ಹೊರಗೆಸೆಯುವವನು ಒಬ್ಬ ಕೈದಿ. ಚಿತ್ರದ ನೈತಿಕ ಭಾರವನ್ನು ಹೊತ್ತವನು ಹೆಸರಿಲ್ಲದ ಆ ಮನುಷ್ಯ. ಈ ಚಿತ್ರಕ್ಕೂ ಒಂದು ಬಿರುಕಿದೆ, ಅಭಿಮಾನಿಗಳು ಅದನ್ನು ನೋಡಬೇಕು. ಊರಿನ ಎಲ್ಲರ ಫೋನುಗಳನ್ನೂ ಬ್ಯಾಟ್‌ಮ್ಯಾನ್ ಬೇಹುಗಾರಿಕೆಯ ಕಣ್ಣುಗಳನ್ನಾಗಿ ಮಾಡುತ್ತಾನೆ. ಅವನ ಸಹಾಯಕ ಲೂಸಿಯಸ್ ಫಾಕ್ಸ್ ಪ್ರತಿಭಟಿಸುತ್ತಾನೆ, ಆದರೂ ಒಮ್ಮೆ ಬಳಸಲು ಒಪ್ಪುತ್ತಾನೆ, ಕೆಲಸ ಮುಗಿದ ಮೇಲೆ ಯಂತ್ರ ನಾಶವಾಗುತ್ತದೆ. ಒಳ್ಳೆಯವನ ಕೈಯಲ್ಲಿ ಒಮ್ಮೆ ಮಾತ್ರ ಎಂಬ ನೆಪದಿಂದ ಚಿತ್ರ ತಾನೇ ಎತ್ತಿದ ಪ್ರಶ್ನೆಯಿಂದ ನುಣುಚಿಕೊಳ್ಳುತ್ತದೆ. ಇಷ್ಟು ಗಟ್ಟಿಯಾಗಿ ಜಗಳವಾಡಬಹುದಾದ ಚಿತ್ರ ಎನ್ನುವುದೇ ಅದಕ್ಕೆ ಗೌರವ.

ಜೇಮ್ಸ್ ಮ್ಯಾಂಗೋಲ್ಡ್ ಅವರ ‘ಲೋಗನ್’ (2017) ಮತ್ತೊಂದು ಸಾಕ್ಷಿ. ಹ್ಯೂ ಜ್ಯಾಕ್‌ಮನ್ 2000ದಿಂದ ವುಲ್ವರಿನ್ ಪಾತ್ರ ಮಾಡುತ್ತ ಬಂದವರು. ಆ ಹದಿನೇಳು ವರ್ಷಗಳನ್ನು ನಿರ್ದೇಶಕ ನಟನ ಮೈಮೇಲೆಯೇ ಬಳಸಿಕೊಂಡರು. ಗಾಯ ಮಾಯದ ಮುದುಕ, ಅವನಿಗೆ ದಕ್ಕಿದ ಮಗಳು, ಕೊನೆಗೆ ಅವನ ಗೋರಿಯ ಮೇಲಿನ ಶಿಲುಬೆಯನ್ನು ಆ ಹುಡುಗಿ ಓರೆ ಮಾಡಿ ನಿಲ್ಲಿಸುವುದು. ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಬಂತು. ಏಳು ವರ್ಷ ಕಳೆದು ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’ (2024) ಅದೇ ಗೋರಿಯನ್ನು ಅಗೆದು, ಆ ಮೂಳೆಗಳನ್ನೇ ಆಯುಧ ಮಾಡಿಕೊಂಡು ಹೊಡೆದಾಡಿಸಿ ನಗಿಸಿತು. ಇದು ಬೇರೆ ಲೋಕದ ವುಲ್ವರಿನ್, ಹಳೆಯ ಸಾವು ಹಾಗೆಯೇ ಇದೆ ಎಂದು ಅಭಿಮಾನಿಗಳು ಸಮರ್ಥಿಸುತ್ತಾರೆ. ಕಥೆಯ ಕಾನೂನಿನ ಪ್ರಕಾರ ಸರಿ, ಭಾವದ ಪ್ರಕಾರ ತಪ್ಪು. ಟೋನಿ ಸ್ಟಾರ್ಕ್‌ನ ಸಾವು ‘ಎಂಡ್‌ಗೇಮ್’ ಪ್ರಾಮಾಣಿಕವಾಗಿ ತೆತ್ತ ಬೆಲೆ. ಆದರೆ ಟೋನಿಯಾಗಿ ನಟಿಸಿದ್ದ ರಾಬರ್ಟ್ ಡೌನಿ ಜೂನಿಯರ್ 2024ರ ಜುಲೈನಲ್ಲಿ ಇನ್ನೊಂದು ಪಾತ್ರದಲ್ಲಿ ಮರಳುವುದಾಗಿ ಪ್ರಕಟವಾಯಿತು. ಪಾತ್ರ ಬೇರೆ, ಮುಖ ಅದೇ. ಬೀಳ್ಕೊಟ್ಟವರನ್ನು ಬೀಳ್ಕೊಟ್ಟಂತೆ ಇರಲು ಈ ಉದ್ಯಮ ಬಿಡುವುದಿಲ್ಲ.

ಈ ಪ್ರಕಾರ ಗೌರವ ಗಳಿಸಲು ಎರಡು ದಾರಿ ಹಿಡಿದಿದೆ. ಒಂದು, ಎರವಲು ಪಡೆಯುವುದು. 2019ರಲ್ಲಿ ವೆನಿಸ್‌ನ ‘ಗೋಲ್ಡನ್ ಲಯನ್’ ಗೆದ್ದ ‘ಜೋಕರ್’ ತನ್ನ ಬೀದಿಗಳನ್ನೂ ಒಂಟಿತನವನ್ನೂ ಪಡೆದದ್ದು ಸ್ಕಾರ್ಸೇಸಿಯವರ ‘ಟ್ಯಾಕ್ಸಿ ಡ್ರೈವರ್’ ಮತ್ತು ‘ದಿ ಕಿಂಗ್ ಆಫ್ ಕಾಮಿಡಿ’ ಚಿತ್ರಗಳಿಂದ. ಆ ಎರಡರ ನಾಯಕ ರಾಬರ್ಟ್ ಡಿ ನಿರೋ ಅವರನ್ನೂ ಕರೆತಂದಿತು. ವಾಕೀನ್ ಫೀನಿಕ್ಸ್ ಅವರ ನಟನೆ ದೊಡ್ಡದು, ಚಿತ್ರ ಮಾತ್ರ ಇನ್ನೊಬ್ಬರ ಅಂಗಿಯಲ್ಲಿದೆ. ಇನ್ನೊಂದು ದಾರಿ, ತನ್ನ ಮನೆಯಲ್ಲೇ ಅಗೆಯುವುದು. ‘ಸ್ಪೈಡರ್‌ಮ್ಯಾನ್: ಇನ್‌ಟು ದಿ ಸ್ಪೈಡರ್‌ವರ್ಸ್’ (2018) ಕಾಮಿಕ್ಸ್ ಪುಟದ ಚುಕ್ಕಿಗಳನ್ನೂ ಅಚ್ಚು ಸರಿದು ಹಬ್ಬಿದ ಬಣ್ಣಗಳನ್ನೂ ತೆರೆಗೆ ತಂದಿತು. ಅದರ ನಾಯಕ, ಅನನುಭವಿ ಹುಡುಗ ಮೈಲ್ಸ್ ಕಾಡಿನಲ್ಲಿ ಹಾರುವಾಗ ಸೆಕೆಂಡಿಗೆ ಹನ್ನೆರಡು ಭಂಗಿಗಳಲ್ಲಿ ತಡವರಿಸುತ್ತಾನೆ, ಪಕ್ಕದಲ್ಲಿ ನುರಿತ ಪೀಟರ್ ಇಪ್ಪತ್ತನಾಲ್ಕರಲ್ಲಿ ನುಣುಪಾಗಿ ಸಾಗುತ್ತಾನೆ. ಮೈಲ್ಸ್ ಕೊನೆಗೆ ಗಗನಚುಂಬಿ ಕಟ್ಟಡದಿಂದ ಜಿಗಿದಾಗ ಬೆರಳಿಗೆ ಅಂಟಿದ ಗಾಜು ಒಡೆದು ಬರುತ್ತದೆ. ಹುಡುಗ ಹೆದರಿದ್ದಾನೆ, ಆದರೂ ಹಾರಿದ್ದಾನೆ. ಕ್ಯಾಮೆರಾ ತಲೆಕೆಳಗಾಗಿ, ಬೀಳುವವನು ಏರುತ್ತಿರುವಂತೆ ಕಾಣುತ್ತಾನೆ. ಸಂಭಾಷಣೆ ಇಲ್ಲದೆ ಧೈರ್ಯದ ಅರ್ಥವನ್ನು ಹೇಳಿದ ದೃಶ್ಯವಿದು. ಇವೆರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಅರೆಗಳಿಗೆಯೂ ಯೋಚಿಸದೆ ಮೈಲ್ಸ್‌ನ ಕಡೆ ನಿಲ್ಲುತ್ತೇನೆ. ಇದರ ಮುಂದಿನ ಭಾಗ 2023ರಲ್ಲಿ ಕನ್ನಡದಲ್ಲೂ ಮಾತಾಡಿತು. ಇಂಗ್ಲಿಷ್ ಬಾರದ ನಮ್ಮ ಮಕ್ಕಳೂ ಇದನ್ನು ತಮ್ಮದೆಂದು ನೋಡುವಂತಾದದ್ದು ಸಣ್ಣ ಸಂಗತಿಯಲ್ಲ.

ಅಭಿಮಾನಿಗಳ ನಡತೆಯನ್ನೂ ತೂಗಬೇಕು. 2012ರಲ್ಲಿ ‘ದಿ ಡಾರ್ಕ್ ನೈಟ್ ರೈಸಸ್’ ಬಿಡುಗಡೆಗೆ ಮೊದಲೇ, ತಾವಿನ್ನೂ ನೋಡದ ಚಿತ್ರವನ್ನು ಟೀಕಿಸಿದ ವಿಮರ್ಶಕರಿಗೆ ಕೆಲವರು ಬೆದರಿಕೆ ಹಾಕಿದರು. ಅದು ಪ್ರೀತಿಯಲ್ಲ. ಆದರೆ ಇದೇ ಸಮುದಾಯ ಇನ್ನೊಂದು ಹೋರಾಟವನ್ನೂ ಮಾಡಿತು. ಮಗಳನ್ನು ಕಳೆದುಕೊಂಡ ಜ್ಯಾಕ್ ಸ್ನೈಡರ್ 2017ರಲ್ಲಿ ‘ಜಸ್ಟಿಸ್ ಲೀಗ್’ ಅನ್ನು ಅರ್ಧಕ್ಕೆ ಬಿಟ್ಟಾಗ ಸ್ಟುಡಿಯೊ ಅದನ್ನು ಇನ್ನೊಬ್ಬ ನಿರ್ದೇಶಕರಿಂದ ಮುಗಿಸಿ ಬಿಡುಗಡೆ ಮಾಡಿತು. ಸ್ನೈಡರ್ ಕಂಡಂತೆಯೇ ಆ ಚಿತ್ರ ನಮಗೆ ಬೇಕೆಂದು ಅಭಿಮಾನಿಗಳು ವರ್ಷಗಟ್ಟಲೆ ಒತ್ತಾಯಿಸಿದರು, ಜೊತೆಗೆ ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಹಣ ಕೂಡಿಸಿದರು. 2021ರ ಮಾರ್ಚ್‌ನಲ್ಲಿ ನಾಲ್ಕು ಗಂಟೆಯ ಆ ರೂಪ ಹೊರಬಂತು. ಅದರಲ್ಲಿ ಉದ್ದ ಹೆಚ್ಚು, ಬಿಗಿ ಕಡಿಮೆ, ಆದರೂ ಅದು ಒಬ್ಬ ಮನುಷ್ಯನ ಕೃತಿ. ಒಬ್ಬ ಕಲಾವಿದನ ಕಣ್ಣು ಬೇಕೆಂದು ಸ್ಕಾರ್ಸೇಸಿ ಬರೆದದ್ದನ್ನೇ ಈ ಅಭಿಮಾನಿಗಳು ಬೀದಿಗಿಳಿದು ಕೇಳಿದ್ದರು. ಎದುರಾಳಿಗಳೆಂದು ಜಗತ್ತು ತಿಳಿದ ಇಬ್ಬರೂ ಕೇಳುತ್ತಿದ್ದದ್ದು ಒಂದನ್ನೇ, ಕೇಳುತ್ತಿದ್ದದ್ದೂ ಒಂದೇ ಬಾಗಿಲಿನ ಮುಂದೆ.

ಆ ಬಾಗಿಲಿನ ಹಿಂದಿನ ಕೆಲಸಗಾರರನ್ನೂ ನೆನೆಯಬೇಕು. ಗ್ರಾಫಿಕ್ಸ್ ಕಳಪೆ ಎಂದು ಅಭಿಮಾನಿಗಳು ಬಯ್ಯುವುದು ಬಹಳ ಸಲ ಸರಿಯೇ. ಆದರೆ ಆ ಚಿತ್ರಿಕೆಗಳನ್ನು ಹಗಲು ರಾತ್ರಿ ಕೂತು ಮಾಡಿದವರು 2023ರ ಸೆಪ್ಟೆಂಬರ್‌ನಲ್ಲಿ, ಮಾರ್ವೆಲ್ ಸ್ಟುಡಿಯೊದಲ್ಲಿ, ಒಮ್ಮತದಿಂದ ಮತ ಹಾಕಿ ಸಂಘ ಕಟ್ಟಿಕೊಂಡರು. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ಯುವಕರು ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಮಾರಿಕೊಂಡದ್ದರಿಂದ ಶುರುವಾದ, ದುಡಿದ ಕೈಗೆ ತಕ್ಕ ಬೆಲೆ ಸಿಗದ ಕಥೆ ಇದು. ದೃಶ್ಯದ ಗುಣಮಟ್ಟವನ್ನು ಚರ್ಚಿಸುವವರು ಅದನ್ನು ಮಾಡಿದ ಕೈಗೆ ಸಿಕ್ಕ ಸಮಯ ಮತ್ತು ಸಂಬಳವನ್ನೂ ಚರ್ಚಿಸಬೇಕು.

ನನ್ನ ತೀರ್ಪು ಇಷ್ಟು. ಸೂಪರ್‌ಹೀರೋ ಚಿತ್ರ ಸಿನಿಮಾ ಹೌದೋ ಅಲ್ಲವೋ ಎಂಬ ಜಗಳವನ್ನು ಬಿಡೋಣ. ಅದರ ಬದಲು ಒಂದೊಂದು ಚಿತ್ರದ ಮುಂದೆಯೂ ನಿಂತು ಕೇಳೋಣ: ಇಲ್ಲಿ ಯಾರು ಏನನ್ನು ಕಳೆದುಕೊಂಡರು, ಕಳೆದದ್ದು ಕಳೆದಂತೆಯೇ ಉಳಿಯಿತೇ? ‘ಸ್ಪೈಡರ್‌ಮ್ಯಾನ್ 2’, ‘ದಿ ಡಾರ್ಕ್ ನೈಟ್’, ‘ಲೋಗನ್’, ‘ಸ್ಪೈಡರ್‌ವರ್ಸ್’ ಈ ಪರೀಕ್ಷೆಯಲ್ಲಿ ನಿಲ್ಲುತ್ತವೆ. ಮುಂದಿನ ಚಿತ್ರದ ಜಾಹೀರಾತಿನಂತೆ ಬಂದುಹೋದ ಹಲವಾರು ನಿಲ್ಲುವುದಿಲ್ಲ. ಅಭಿಮಾನಿಗಳಲ್ಲಿ ನನ್ನದೊಂದು ಕೋರಿಕೆ: ನೀವು ಪ್ರೀತಿಸುವ ದೃಶ್ಯವನ್ನು ಸಮರ್ಥಿಸಿ, ಅದನ್ನು ಮಾರುವ ಕಂಪನಿಯನ್ನಲ್ಲ.