‘ಮೋನಾ’ಗೆ ಸಿಕ್ಕ ಅತಿ ಮರ್ಯಾದೆ

ನರ್ಸಿಂಗ್ ನೇಮಕಾತಿ ಪರೀಕ್ಷೆಯ ಗೈಡುಗಳಲ್ಲಿ ಹೃದಯಾಘಾತವೆಂದರೆ ‘ಮೋನಾ’: ಮಾರ್ಫಿನ್, ಆಕ್ಸಿಜನ್, ನೈಟ್ರೋಗ್ಲಿಸರಿನ್, ಆಸ್ಪಿರಿನ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳು ಜಿಎನ್‌ಎಂ, ಬಿಎಸ್ಸಿ ಮುಗಿಸಿ ಓದಲು ಕೂತರೆ ಬಾಯಿಪಾಠ ಮಾಡುವುದು ಇದನ್ನೇ. ಗಡಿಬಿಡಿಯಲ್ಲಿ ನಾಲ್ಕು ಹೆಸರು ನೆನಪಿಗೆ ಬರುತ್ತವೆ, ಒಪ್ಪೋಣ. ಅದರಾಚೆ ಈ ಸೂತ್ರಕ್ಕೆ ಸಿಕ್ಕಿರುವ ಮರ್ಯಾದೆ ಅತಿಯಾಯಿತು.

ಅದರ ಸರದಿಯನ್ನೇ ನೋಡಿ. ಜೀವ ಉಳಿಸುತ್ತದೆಂದು 1988ರ ಐಸಿಸ್-2 ಅಧ್ಯಯನ ತೋರಿಸಿಕೊಟ್ಟ ಆಸ್ಪಿರಿನ್ ಕೊನೆಗೆ ಬಿದ್ದಿದೆ. ಮೊದಲು ನಿಂತ ಮಾರ್ಫಿನ್, ರಕ್ತ ಹೆಪ್ಪುಗಟ್ಟದಂತೆ ನುಂಗಿಸುವ ಮಾತ್ರೆಗಳು ಮೈಗೆ ಹತ್ತುವುದನ್ನೇ ನಿಧಾನ ಮಾಡಬಲ್ಲದು. ಎದೆನೋವೆಂದವರಿಗೆಲ್ಲ ಆಕ್ಸಿಜನ್ ಮಾಸ್ಕ್ ಹಾಕುವ ರೂಢಿಯಿದೆ. ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ ಸ್ವೀಡನ್ನಿನ 2017ರ ಅಧ್ಯಯನ, ಆಮ್ಲಜನಕದ ಮಟ್ಟ ಸರಿಯಿದ್ದವರಲ್ಲಿ ಅದರಿಂದ ಸಾವು ತಗ್ಗಲಿಲ್ಲ ಎಂದಿತು; ಮಟ್ಟ ಶೇ 90ಕ್ಕಿಂತ ಇಳಿದರೆ ಮಾತು ಬೇರೆ. ನೈಟ್ರೋಗ್ಲಿಸರಿನ್ ಇನ್ನೂ ಅಪಾಯದ್ದು. ಇಸಿಜಿಯ ಎರಡು, ಮೂರು, ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಭಾಗ ಎದ್ದಿದ್ದರೆ ಬಲಗಡೆಯ ಲೀಡು ಹಾಕಿ ನೋಡಬೇಕು. ಬಲ ಹೃತ್ಕುಕ್ಷಿಗೆ ಪೆಟ್ಟಾದವರ ನಾಲಿಗೆಯಡಿ ಆ ಮಾತ್ರೆ ಇಟ್ಟರೆ ಬಿಪಿ ದಡಕ್ಕನೆ ಕುಸಿಯಬಹುದು. ‘ಮೋನಾ’ ಇದನ್ನು ಹೇಳುವುದೇ ಇಲ್ಲ.

‘ಮೊದಲು ಪಾಸಾಗಲಿ, ಡ್ಯೂಟಿಗೆ ಹೋದ ಮೇಲೆ ಕಲಿಯುತ್ತಾರೆ’ ಎನ್ನುವ ಮಾಸ್ತರರಿದ್ದಾರೆ. ಯಾರ ಮೈಮೇಲೆ ಕಲಿಯಬೇಕು? ‘ಡಾಕ್ಟರು ಬರೆದದ್ದನ್ನು ಕೊಟ್ಟರಾಯಿತು’ ಎನ್ನುವವರೂ ಇದ್ದಾರೆ. ರಾತ್ರಿ ಎರಡಕ್ಕೆ ತಾಲ್ಲೂಕು ಆಸ್ಪತ್ರೆಗೆ ಬಂದವನಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಆ ಹೊತ್ತಿಗೆ ಪಕ್ಕದಲ್ಲಿರುವವಳು ನರ್ಸ್. ದೊಡ್ಡ ಆಸ್ಪತ್ರೆಗೆಂದು ಹೊರಟರೆ ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿ.ಮೀ. ದಾರಿ. ಇಂಥ ದೂರಗಳನ್ನು ನೆನೆದೇ ರಾಜ್ಯ ಸರಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತಂದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡಿಸಲು ಹೊರಟಿತು. ಅದರ ಪ್ರಮಾಣ ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ., 90 ಮತ್ತು ಮೇಲ್ಪಟ್ಟವರಿಗೆ 50. ಡೆಕ್ಸ್‌ಟ್ರೋಸ್ ಹರಿಯುತ್ತಿರುವ ನಳಿಕೆಗೆ ಹಾಕಿದರೆ ಔಷಧ ಗಟ್ಟಿಗಟ್ಟುತ್ತದೆ. ಮೊದಲು ಸಲೈನ್ ಬಿಟ್ಟು ತೊಳೆಯಬೇಕು. ಸಿರಿಂಜು ಹಿಡಿದವಳಿಗೆ ಇದು ಗೊತ್ತಿರಲೇಬೇಕು.

ಗೈಡು ಬರೆಯುವವರಲ್ಲಿ ಒಂದು ಕೋರಿಕೆ: ಮುಂದಿನ ಮುದ್ರಣದಲ್ಲಿ ‘ಮೋನಾ’ದ ಚೌಕ ತೆಗೆದು ಆ ಜಾಗದಲ್ಲಿ ಒಂದು ಇಸಿಜಿ ಪಟ್ಟಿ ಅಚ್ಚು ಹಾಕಿ, ಕೆಳಗೆ ರೋಗಿಯ ಬಿಪಿ, ತೂಕ ಕೊಟ್ಟು ಪ್ರಶ್ನೆ ಕೇಳಿ.